ಹಿತ್ತಾಳೆ ಬಂದೂಕಿನ ಎರಡು ಮಗ್ಗುಲು

ನನ್ನ ಬಲಗೈಗೆ ಒಂದು ಕೆಟ್ಟ ಚಾಳಿ ಅಂಟಿಕೊಂಡಿದೆ. ರೈಲು ಕಾಯುವಾಗ, ಲಿಫ್ಟು ಕಾಯುವಾಗ, ಮೈಕ್ರೋವೇವಿನಲ್ಲಿ ನಿನ್ನೆಯ ಸಾರು ಬಿಸಿಯಾಗುವುದನ್ನು ಕಾಯುವಾಗ ಅದು ತಾನೇ ತಾನಾಗಿ ಅರೆಮುಷ್ಟಿ ಕಟ್ಟಿಕೊಳ್ಳುತ್ತದೆ. ಮೂರು ಬೆರಳನ್ನು ಮುಂದಕ್ಕೆ ತಳ್ಳುತ್ತದೆ, ಮತ್ತೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಮುಂದಕ್ಕೆ, ಹಿಂದಕ್ಕೆ. ಒಮ್ಮೆ ಜಾನ್ಸನ್‌ವಿಲ್ ರೈಲಿನಲ್ಲಿ ಎದುರಿಗೆ ಕೂತಿದ್ದ ಹೆಂಗಸು ಇದನ್ನೇ ನೋಡುತ್ತಿದ್ದು, ಮುಂದಿನ ಸ್ಟೇಷನ್ನಿನಲ್ಲಿ ಎದ್ದು ಬೇರೆ ಸೀಟಿಗೆ ಹೋದರು. "ಅಮ್ಮಾ ತಾಯಿ, ಇದು ಕಾಯಿಲೆಯಲ್ಲ, ಬಂದೂಕಿಗೆ ಗುಂಡು ಏರಿಸುವ ಅಭ್ಯಾಸ" ಎಂದು ಸಮಾಧಾನ ಹೇಳೋಣವೆಂದುಕೊಂಡೆ. ಹೇಳಿದ್ದರೆ ಬೋಗಿಯನ್ನೇ ಬದಲಿಸುತ್ತಿದ್ದರು.

ಬಂದೂಕು ಎಂದೊಡನೆ ನನ್ನನ್ನು ಶೂರನೆಂದು ತಿಳಿಯಬೇಡಿ. ನಾನು ಜಿರಲೆಯನ್ನು ಕಂಡರೆ ಅದಕ್ಕೆ ದಾರಿ ಬಿಟ್ಟುಕೊಡುವ ಜಾತಿ. ಮೈಸೂರಿನಲ್ಲಿ ಫಿಸಿಯೋಥೆರಪಿ ಕಲಿತು, ಇಲ್ಲಿಗೆ ಬಂದು ಮತ್ತೊಂದು ಕೋರ್ಸು ಮಾಡಿ, ವೆಲಿಂಗ್ಟನ್ನಿನ ಒಂದು ಆಸ್ಪತ್ರೆಯಲ್ಲಿ ಜನರ ಕೈಕಾಲು ಮಡಿಸಿ ಬಿಡಿಸುವ ಕೆಲಸಕ್ಕೆ ಸೇರಿದವನು. ಮದುವೆಯಾಗಲಿಲ್ಲ. ಯಾಕೆ ಎಂದು ಕನ್ನಡದ ಆಂಟಿಯರು ಯುಗಾದಿಗೊಮ್ಮೆ, ರಾಜ್ಯೋತ್ಸವಕ್ಕೊಮ್ಮೆ ಕೇಳುತ್ತಾರೆ. ನನಗೂ ಸರಿಯಾಗಿ ಗೊತ್ತಿಲ್ಲ. ಮುಂದೂಡುತ್ತಾ ಬಂದೆ, ಒಂದು ದಿನ ನೋಡಿದರೆ ಮುಂದೂಡುವುದಕ್ಕೆ ಏನೂ ಉಳಿದಿರಲಿಲ್ಲ.

ಒಂಟಿತನ ಎನ್ನುವುದು ಏನೆಂದು ನನಗೆ ತಿಳಿದದ್ದು ಒಂದು ಭಾನುವಾರ ಸಂಜೆ, ಮೂಲೆಯ ಡೇರಿಯಲ್ಲಿ. ಡೇರಿ ಎಂದರೆ ಇಲ್ಲಿ ಹಸು ಕಟ್ಟುವ ಜಾಗವಲ್ಲ, ಹಾಲು ಬ್ರೆಡ್ಡು ಮಾರುವ ಚಿಲ್ಲರೆ ಅಂಗಡಿ. ಹಾಲು ತೆಗೆದುಕೊಂಡು "ಥ್ಯಾಂಕ್ಯೂ" ಎಂದೆ. ನನ್ನ ಗಂಟಲಿನಿಂದ ಯಾರದೋ ಗೊಗ್ಗರು ಧ್ವನಿ ಬಂತು. ಲೆಕ್ಕ ಹಾಕಿದೆ. ಶುಕ್ರವಾರ ಸಂಜೆ ಆಸ್ಪತ್ರೆಯಲ್ಲಿ "ಸೀ ಯೂ ಮಂಡೇ" ಎಂದಮೇಲೆ ನಾನು ಬಾಯಿ ತೆರೆದದ್ದು ಅದೇ ಮೊದಲು. ಮನೆಗೆ ಬಂದು ಗೋಡೆಗೆ ಎರಡು ಮಾತು ಬೈದೆ, ಗಂಟಲು ಸರಿಯಾಗಲಿ ಎಂದು.

ರಾನ್ ನನಗೆ ಗಂಟುಬಿದ್ದದ್ದು ಆ ಚಳಿಗಾಲದಲ್ಲೇ. ಎರಡು ಸಾವಿರದ ಹನ್ನೆರಡೋ ಹದಿಮೂರೋ ಇರಬೇಕು. ಎಪ್ಪತ್ತೊಂಬತ್ತು ವರ್ಷದ ಮುದುಕ, ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು, ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಪಾರ್ಶ್ವವಾಯು ಬಡಿದು ಬಲಗೈ ಮರಗಟ್ಟಿತ್ತು. ನಾವು ಇಂಥವರಿಗೆ ಮೊದಲು ಕೇಳುವ ಪ್ರಶ್ನೆ ಒಂದೇ: ಈ ಕೈ ಸರಿಯಾದರೆ ಏನು ಮಾಡಬೇಕೆಂದಿದ್ದೀರಿ? ಕೆಲವರು ಗುಂಡಿ ಹಾಕಿಕೊಳ್ಳಬೇಕು ಎನ್ನುತ್ತಾರೆ, ಕೆಲವರು ಮೊಮ್ಮಗುವನ್ನು ಎತ್ತಿಕೊಳ್ಳಬೇಕು ಎನ್ನುತ್ತಾರೆ. ಈ ಆಸಾಮಿ, "ಲಿವರ್ ಎಳೀಬೇಕು, ಮೇಟ್" ಎಂದ.

ಯಾವ ಲಿವರ್ರು? ರೈಲಿನದೇ ಎಂದುಕೊಂಡೆ. ಅಲ್ಲ. ರಾನ್ ಹಳೆಯ ಅಮೆರಿಕನ್ ಲಿವರ್ ಬಂದೂಕುಗಳ ಸಂಗ್ರಾಹಕ. ಕೌಬಾಯ್ ಸಿನಿಮಾ ನೋಡಿದವರಿಗೆ ಈ ಬಂದೂಕಿನ ಪರಿಚಯ ಇದ್ದೇ ಇರುತ್ತದೆ. ಟ್ರಿಗರಿನ ಕೆಳಗೆ ಬಳೆಯಂಥದ್ದೊಂದು ಇರುತ್ತದಲ್ಲ, ಅದರೊಳಗೆ ಮೂರು ಬೆರಳು ತೂರಿಸಿ ಮುಂದಕ್ಕೆ ತಳ್ಳಿ ಹಿಂದಕ್ಕೆಳೆದರೆ ಹಳೆಯ ತೋಟಾ ಹೊರಗೆ, ಹೊಸದು ಒಳಗೆ. ನಮ್ಮೂರಿನ ಟೆಂಟಿನಲ್ಲಿ ಆ "ಕ್ಲಿಕ್-ಕ್ಲ್ಯಾಕ್" ಸದ್ದಿಗೆ ನೆಲದ ಮೇಲೆ ಕೂತವರೆಲ್ಲ ಶಿಳ್ಳೆ ಹಾಕುತ್ತಿದ್ದರು. ಇಂಗ್ಲಿಷ್ ಒಬ್ಬರಿಗೂ ಬರುತ್ತಿರಲಿಲ್ಲ, ಅದರ ಅಗತ್ಯವೂ ಬೀಳುತ್ತಿರಲಿಲ್ಲ.

ಆಸ್ಪತ್ರೆಗೆ ಬಂದೂಕು ತರುವ ಹಾಗಿಲ್ಲವಷ್ಟೆ. ನಾನು ಒಂದು ಹಳೆಯ ಕ್ಯಾಬಿನೆಟ್ ಹಿಡಿಕೆಗೆ ರಬ್ಬರ್ ಪಟ್ಟಿ ಕಟ್ಟಿ, ಅದನ್ನೇ ತಳ್ಳಿಸಿ ಎಳೆಸಿದೆ. ಮಾಡಿ ತೋರಿಸಬೇಕಾದವನು ನಾನು ತಾನೇ? ಅವನು ಹತ್ತು ಸಲ ಮಾಡಿದರೆ ನಾನು ಇಪ್ಪತ್ತು ಸಲ. ನಾಲ್ಕು ತಿಂಗಳಲ್ಲಿ ರಾನ್‌ನ ಕೈಗೆ ಸುಮಾರಾಗಿ ಜೀವ ಬಂತು, ನನ್ನ ಕೈಗೆ ಚಾಳಿ ಬಂತು. ಡಿಸ್ಚಾರ್ಜ್ ಆದ ದಿನ ಅವನು, "ಭಾನುವಾರ ಮಧ್ಯಾಹ್ನ ಬಾ. ನಿಜವಾದ್ದನ್ನ ಎಳೆದು ನೋಡು. ಬಾಗಿಲು ತೆರೆದೇ ಇರುತ್ತೆ" ಎಂದ. ನಮ್ಮ ಬೀದಿಯಿಂದ ಎರಡು ಏರು ದಾಟಿದರೆ ಅವನ ಮನೆ. ಹೋದೆ. ಮುಂದಿನ ವಾರವೂ ಹೋದೆ. ಈ ದೇಶದಲ್ಲಿ ಮೆಸೇಜು ಮಾಡದೆ, "ಇಸ್ ದಿಸ್ ಎ ಗುಡ್ ಟೈಮ್" ಎಂದು ಕೇಳದೆ ನಾನು ನುಗ್ಗಬಹುದಾಗಿದ್ದ ಏಕೈಕ ಬಾಗಿಲು ಅದು.

ಅವನ ಹತ್ತಿರ ಹನ್ನೊಂದು ಬಂದೂಕುಗಳಿದ್ದವು. ಹತ್ತು ಉಕ್ಕಿನವು, ಕಬ್ಬಿಣದ ಬೀರುವಿನಲ್ಲಿ ಬೀಗದೊಳಗೆ. ಒಂದೊಂದಕ್ಕೂ ಒಂದೊಂದು ಪುರಾಣ. ಒಂದು ಸೌತ್ ಐಲೆಂಡಿನಲ್ಲಿ ಕುರಿ ಉಣ್ಣೆ ಕತ್ತರಿಸುವ ಕೊಟ್ಟಿಗೆಯ ನೆಲಹಲಗೆಯ ಕೆಳಗೆ ಸಿಕ್ಕಿದ್ದು. ಇನ್ನೊಂದು ಯಾರದೋ ಬ್ಯಾಚಿನಲ್ಲಿ, ಎಂದರೆ ಸಮುದ್ರದಂಡೆಯ ರಜಾ ಗುಡಿಸಲಿನಲ್ಲಿ, ಕರ್ಟನ್ ಕಟ್ಟುವ ಕೋಲಾಗಿ ನೇತಾಡುತ್ತಿದ್ದದ್ದು. ಮತ್ತೊಂದಕ್ಕೆ ರಾನ್ ತನ್ನ ಯೂಟನ್ನೇ, ಎಂದರೆ ಹಿಂದೆ ಸಾಮಾನು ತುಂಬುವ ಪಿಕಪ್ ಗಾಡಿಯನ್ನೇ, ಕೊಟ್ಟು ನಡೆದುಕೊಂಡು ಮನೆಗೆ ಬಂದಿದ್ದನಂತೆ, ಹೆಂಡತಿ ಒಂದು ವಾರ ಮಾತು ಬಿಟ್ಟಿದ್ದಳಂತೆ. ಯಾವುದನ್ನೂ ಅವನು ಹಾರಿಸುತ್ತಿರಲಿಲ್ಲ. ಕನ್ನಡಕ ಹಣೆಗೇರಿಸಿಕೊಂಡು ಗೀರುಗಳನ್ನು ಓದುತ್ತಿದ್ದ. "ಇಲ್ಲಿ ಸವೆದಿದೆ ನೋಡು, ಕುದುರೆ ಜೀನಿಗೆ ಉಜ್ಜಿ ಉಜ್ಜಿ. ಇಲ್ಲಿ ಚಾಕುವಿನಲ್ಲಿ ಎರಡು ಅಕ್ಷರ. ಯಾರೋ ಒಬ್ಬ ಇದ್ದ, ಮೇಟ್. ಒಂದು ಗೀರು ಅಂದ್ರೆ ಒಬ್ಬ ಮನುಷ್ಯ." ಆಗ ನಾನು ಅವನು ಸುಟ್ಟಿಟ್ಟ ಸ್ಕೋನ್ ಎಂಬ ಪುಟ್ಟ ಬನ್ನುಗಳಿಗೆ ಜಾಮ್ ಹಚ್ಚುವುದರಲ್ಲಿ ಮಗ್ನನಾಗಿರುತ್ತಿದ್ದೆ. ಆ ಮಾತಿಗೆ ಸರಿಯಾಗಿ ಕಿವಿಗೊಟ್ಟಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ.

ಹನ್ನೊಂದನೆಯದು ಹಿತ್ತಾಳೆಯದು. ನಳಿಗೆ ಉಕ್ಕು, ಹಿಡಿ ಅಕ್ರೂಟ್ ಮರ, ನಡುವಿನ ದಪ್ಪ ಡಬ್ಬಿಯಂಥ ಭಾಗ ಮಾತ್ರ ಇಡಿಯಾಗಿ ಹಿತ್ತಾಳೆ. ನೂರ ನಲವತ್ತು ವರ್ಷ ಹಳೆಯದು. ಅದಕ್ಕೆ ಹೊಂದುವ ಗುಂಡನ್ನು ಮಾಡುವುದನ್ನೇ ಜಗತ್ತು ನಿಲ್ಲಿಸಿತ್ತು, ಆದ್ದರಿಂದ ಕಾನೂನಿನ ಕಣ್ಣಿಗೆ ಅದು ಬಂದೂಕಿಗಿಂತ ಹೆಚ್ಚಾಗಿ ಪುರಾತನ ವಸ್ತು, ಲೈಸೆನ್ಸೂ ಬೇಡ. ಇಂಥವು ಈ ದೇಶದಲ್ಲಿ ಬೆರಳೆಣಿಕೆಯಷ್ಟೇ ಇವೆ ಎನ್ನುತ್ತಿದ್ದ ರಾನ್. ಆ ಹಿತ್ತಾಳೆಯಾದರೋ ಮಾಸಲು ಕಂದು, ಅಲ್ಲಲ್ಲಿ ಕಪ್ಪು. ನಮ್ಮಮ್ಮ ಅಂಥ ಚೊಂಬನ್ನು ಬಚ್ಚಲಿಗೂ ಇಡುತ್ತಿರಲಿಲ್ಲ. ನೋಡಿದಾಗಲೆಲ್ಲ ನನಗೆ ಒಳಗೊಳಗೇ ಕಸಿವಿಸಿ.

ಆ ಕಸಿವಿಸಿಗೆ ಕಾರಣ ನಮ್ಮಪ್ಪ. ಅವರು ಮಂಡ್ಯದಲ್ಲಿ ಪೊಲೀಸ್ ಇಲಾಖೆಯ ಬಂದೂಕು ರಿಪೇರಿಯವರು. ಮನೆಯಲ್ಲಿ ಮಾತು ಕಡಿಮೆ, ಮೈಯೆಲ್ಲ ಎಣ್ಣೆಯ ವಾಸನೆ. ವರ್ಷಕ್ಕೊಮ್ಮೆ ಆಯುಧಪೂಜೆಯ ಹಿಂದಿನ ದಿನ ನನ್ನನ್ನು ಆಯುಧಾಗಾರಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಸಾಲಾಗಿ ನಿಲ್ಲಿಸಿದ ತ್ರೀನಾಟ್‌ತ್ರೀ ರೈಫಲ್ಲುಗಳು. ಒಂದೊಂದರ ಬುಡದಲ್ಲೂ ಹಿತ್ತಾಳೆಯ ತಟ್ಟೆ. ಹುಣಸೇಹಣ್ಣಿಗೆ ಉಪ್ಪು ಕಲಸಿ ಅಪ್ಪ, ಇಬ್ಬರು ಪೇದೆಗಳು, ನಾನು, ಎಲ್ಲರೂ ಕೂತು ತಿಕ್ಕುವುದು. ನನ್ನ ಕೈ ನಿಧಾನವಾದರೆ ಅಪ್ಪ, "ಬೆಳಗ್ತಾ ಇಲ್ಲ ಅಂದ್ರೆ ಸೋಮಾರಿ ಕೈಗೆ ಸಿಕ್ಕದೆ ಅಂತ ಅರ್ಥ ಕಣ್ಲಾ, ತಿಕ್ಕು" ಎನ್ನುತ್ತಿದ್ದರು. ಮಾರನೆಯ ದಿನ ಚೆಂಡುಹೂವು, ಕುಂಕುಮ, ಬೂದುಗುಂಬಳ. ಅಪ್ಪ ನನ್ನ ಜೊತೆ ಒಂದಿಡೀ ದಿನ ಕಳೆಯುತ್ತಿದ್ದದ್ದು ವರ್ಷದಲ್ಲಿ ಅದೊಂದೇ. ಅವರು ಹೋದಾಗ ನಾನು ಇಲ್ಲಿದ್ದೆ. ಟಿಕೆಟ್ಟು ಸಿಕ್ಕಿ ಊರು ಮುಟ್ಟುವಷ್ಟರಲ್ಲಿ ಮೂರನೆಯ ದಿನದ ಹಾಲು ತುಪ್ಪವೂ ಮುಗಿದಿತ್ತು.

ಇಷ್ಟು ಹೇಳಿದ ಮೇಲೆ ಮುಂದೇನಾಯಿತೆಂದು ನೀವೇ ಊಹಿಸಿರುತ್ತೀರಿ. ಬುದ್ಧಿವಂತರು. ನಾನೂ ಸ್ವಲ್ಪ ಊಹಿಸಬಾರದಿತ್ತೇ?

ಮಾರನೆಯ ವರ್ಷ ಅಕ್ಟೋಬರಿನಲ್ಲಿ ರಾನ್ ಎರಡು ವಾರ ನೆಲ್ಸನ್ ಊರಿನಲ್ಲಿರುವ ಮಗಳ ಮನೆಗೆ ಹೊರಟ. ಬೀರುವಿನ ಹತ್ತನ್ನು ಲೈಸೆನ್ಸ್ ಇದ್ದ ಗೆಳೆಯನೊಬ್ಬ ಒಯ್ದ. ಹಿತ್ತಾಳೆಯದನ್ನು ರಾನ್ ಹಳೆಯ ಕಂಬಳಿಯಲ್ಲಿ ಸುತ್ತಿ ತಾನೇ ಹೊತ್ತು ತಂದು ನನ್ನ ಮನೆಯಲ್ಲಿಟ್ಟ. "ಇದು ನಿನ್ನ ಹತ್ತಿರ ಇರಲಿ" ಎಂದ. ತಿಕ್ಕಬೇಡ, ತೊಳೆಯಬೇಡ ಎಂದು ಹೇಳಲಿಲ್ಲ. ಅಂಥದ್ದನ್ನು ಮನುಷ್ಯನಾದವನಿಗೆ ಹೇಳಬೇಕಾಗುತ್ತದೆಂದು ಯಾವ ಸಂಗ್ರಾಹಕನಿಗೂ ಹೊಳೆಯುವುದಿಲ್ಲ.

ಆ ಎರಡು ವಾರದ ನಡುವೆ ಆಯುಧಪೂಜೆ ಬಂತು. ಇಷ್ಟು ವರ್ಷ ನಾನಿಲ್ಲಿ ಪೂಜೆ ಮಾಡುತ್ತಿದ್ದದ್ದು ನನ್ನ ಕಾರಿಗೆ, ಲ್ಯಾಪ್‌ಟಾಪಿಗೆ. ಈ ಸಲ ಮನೆಯಲ್ಲಿ ನಿಜವಾದ ಆಯುಧ! ಕೆಲಸವಿಲ್ಲದ ಬಡಗಿ ಮಗುವಿನ ಅಂಡು ಕೆತ್ತಿದನಂತೆ. ಇಂಡಿಯನ್ ಅಂಗಡಿಯಿಂದ ಹುಣಸೇಹಣ್ಣು ತಂದೆ, ಉಪ್ಪು ಕಲಸಿದೆ, ಸಿಂಕಿನ ಪಕ್ಕ ನಿಂತು ಮೂರು ಗಂಟೆ ತಿಕ್ಕಿದೆ. ಸತ್ಯ ಹೇಳುತ್ತೇನೆ, ಆ ಮೂರು ಗಂಟೆ ನಾನು ಬಹಳ ಸುಖವಾಗಿದ್ದೆ. ಕಪ್ಪುನೀರು ಹರಿದುಹೋಗಿ ಕೆಳಗಿನಿಂದ ಬಂಗಾರದಂಥ ಹಳದಿ ಎದ್ದಾಗ, "ನೋಡಿ ಅಪ್ಪಾ" ಎಂದು ಬಾಯಿಬಿಟ್ಟೇ ಅಂದೆ. ಕುಂಕುಮ ಇಟ್ಟೆ, ಸೂಪರ್‌ಮಾರ್ಕೆಟ್ಟಿನ ಹೂವು ಮುಡಿಸಿದೆ, ಹೊರಗಿನ ಡೆಕ್ಕಿನ ಮೇಲೆ ತೆಂಗಿನಕಾಯಿ ಒಡೆದೆ. ಪಕ್ಕದ ಮನೆಯ ನಾಯಿ ಬೇಲಿಯ ಸಂದಿಯಿಂದ ಬಂದು ಒಂದು ಹೋಳನ್ನು ಪ್ರಸಾದವೆಂದು ಕಚ್ಚಿಕೊಂಡು ಹೋಯಿತು.

ರಾನ್ ವಾಪಸು ಬಂದ ದಿನ ನಾನು ಬಂದೂಕನ್ನು ಮೇಜಿನ ಮೇಲೆ ಬಿಳಿಯ ಟವಲ್ ಹಾಸಿ ಇಟ್ಟಿದ್ದೆ. ಅವನು ಒಳಗೆ ಬಂದ, ನೋಡಿದ, ನಿಂತ. ಬಾಗಿ ಹತ್ತಿರದಿಂದ ನೋಡಿದ. "ಓ, ಮೇಟ್" ಎಂದ, ಅಷ್ಟೆ. ಕನ್ನಡಕ ಹಣೆಗೇರಿಸಿಕೊಂಡು, ಮಗುವಿಗೆ ಹೇಳುವ ಹಾಗೆ ಹೇಳಿದ. ಆ ಕಂದು ಕೊಳೆಯಲ್ಲ. ನೂರ ನಲವತ್ತು ವರ್ಷ ಯಾರು ಯಾರೋ ಹಿಡಿದ ಕೈಗಳ ಬಣ್ಣ. ಚಿನ್ನ ಅಗೆಯಲು ಬಂದವನ ಕೈ, ಕುರಿ ಕಾಯುವವನ ಕೈ, ಅವನ ಹೆಂಡತಿಯ ಕೈ. ಸಂಗ್ರಾಹಕರು ನೋಡುವುದು ಅದನ್ನೇ, ಅದು ಹೋದರೆ ಮತ್ತೆ ತರಲು ಯಾವ ಔಷಧಿಯೂ ಇಲ್ಲ. ನಾನು ಸಾರಿ ಎಂದೆ. ಎಷ್ಟು ಸಲ ಎಂದೆನೋ. ಅವನು "ದ್ಯಾಟ್ಸ್ ಆಲ್ ರೈಟ್" ಎಂದು ಕಂಬಳಿಯಲ್ಲಿ ಸುತ್ತಿಕೊಂಡು, ಚಹಾ ಕುಡಿಯದೆ ಹೊರಟುಹೋದ. ಈ ಜನ ನಿಜವಾಗಿಯೂ ನೊಂದಾಗಲೇ ಆ ಮಾತು ಹೇಳುವುದು.

ಭಾನುವಾರ ಬಂತು. ನಾನು ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗುವುದು? ಕರೆದರೆ ಹೋಗೋಣ ಎಂದುಕೊಂಡೆ. ಫೋನು ಬರಲಿಲ್ಲ. ಇನ್ನೊಂದು ಭಾನುವಾರ, ಮತ್ತೊಂದು. ಮಧ್ಯಾಹ್ನ ಎರಡು ಗಂಟೆಯಾದರೆ ಕಾಲು ತಾನಾಗಿ ಶೂ ಹುಡುಕುತ್ತಿತ್ತು, ನಾನು ಮತ್ತೆ ಅದನ್ನು ಕರೆದು ಕೂರಿಸುತ್ತಿದ್ದೆ. ಶಾಪಿಂಗ್ ಮಾಲ್‌ಗೆ ಹೋಗಿ ಬೇಡದ ಬಕೆಟ್ಟು ಕೊಂಡು ಬಂದೆ. ಮತ್ತೆ ಶುಕ್ರವಾರದಿಂದ ಸೋಮವಾರದವರೆಗೆ ಗಂಟಲು ತುಕ್ಕು ಹಿಡಿಯತೊಡಗಿತು. ಹಾಳಾದದ್ದು ಒಂದು ಬಂದೂಕಲ್ಲ, ಈ ದೇಶದಲ್ಲಿ ನನಗೆ ಇದ್ದ ಒಬ್ಬನೇ ಮನುಷ್ಯ ಹೋದ ಎಂದು ಐದನೆಯ ಭಾನುವಾರ ಅನ್ನಿಸಿದಾಗ ಹೆದರಿಕೆಯಾಯಿತು. ಶಾಂತಕ್ಕನಿಗೆ ಫೋನು ಮಾಡಿದೆ.

ಶಾಂತಕ್ಕ ಹುಬ್ಬಳ್ಳಿಯವಳು, ಆಕ್ಲೆಂಡಿನ ಮೌಂಟ್ ರಾಸ್ಕಿಲ್‌ನಲ್ಲಿ ಮನೆ, ವೃದ್ಧಾಶ್ರಮವೊಂದರಲ್ಲಿ ನರ್ಸು. ನಾವಿಬ್ಬರೂ ಒಂದೇ ವರ್ಷ ಈ ದೇಶಕ್ಕೆ ಇಳಿದವರು. ಮಗಳಿಗೆ ಕನ್ನಡದಲ್ಲಿ ಬೈದು ಇಂಗ್ಲಿಷಿನಲ್ಲಿ ಬೈಸಿಕೊಳ್ಳುವುದರ ನಡುವೆ ನನ್ನ ಕಥೆಯನ್ನು ಪೂರ್ತಿ ಕೇಳಿದಳು.

"ಹುಣಸಿಹಣ್ಣು ಹಚ್ಚಿ ತಿಕ್ಕಿದೇನು? ಅಯ್ಯ ನಮ್ಮಪ್ಪಾ! ಭಾಂಡಿ ಅಂತ ತಿಳಕೊಂಡಿದ್ದೇನು ಅದನ್ನ?" ಎಂದು ಎರಡು ನಿಮಿಷ ನಕ್ಕಳು. ನಾನು ನಗಲಿಲ್ಲ. ಅವಳೂ ನಿಲ್ಲಿಸಿದಳು. "ಮತ್ತ ಐದು ವಾರ ಏನ್ ಮಾಡಿದಿ?"

"ಅವನು ಕರೀಲಿ ಅಂತ ಕಾಯ್ತಾ ಇದೀನಿ ಶಾಂತಕ್ಕ. ಇಲ್ಲಿ ಜನಕ್ಕೆ ಸ್ಪೇಸ್ ಕೊಡಬೇಕು ಅಂತಾರಲ್ಲ."

"ಏನ್ ಸ್ಪೇಸೋ ಮಾರಾಯಾ! ತಪ್ಪು ಮಾಡಿದಾಂವ ನೀನು, ಮ್ಯಾಲೆ ಅವರು ಬಂದು ನಿನ್ನ ಕರೀಬೇಕೇನು? ಎದ್ದು ಹೋಗು, ಬಾಗಲಾ ಬಡಿ. ಬೈದ್ರ ಬೈಸ್ಕೋ. ಬೈಲಿಕ್ಕೆ ಅಂತ ಒಬ್ಬರಾದ್ರೂ ಇದ್ದಾರಲ್ಲ ನಿನಗ ಆ ಊರಾಗ."

ನಮ್ಮ ಜಾನ್ಸನ್‌ವಿಲ್ಲಿನ ಗಾಳಿಯಲ್ಲಿ ಎರಡು ಏರು ಹತ್ತಿ ಹೋದೆ. ಬಾಗಿಲು ಬಡಿಯುವ ಪ್ರಸಂಗ ಬರಲಿಲ್ಲ, ತೆರೆದೇ ಇತ್ತು. ರಾನ್ ಅಡಿಗೆಮನೆಯ ಮೇಜಿನ ಮುಂದೆ ಕೂತಿದ್ದ. ಮುಂದೆ ಬಂದೂಕು. ಅದರ ಹಿತ್ತಾಳೆಯ ಎಡ ಮಗ್ಗುಲಿಗೆ ತನ್ನ ಸೊಟ್ಟ ಬಲಗೈಯನ್ನು ಒತ್ತಿ ಹಿಡಿದುಕೊಂಡಿದ್ದ, ಜ್ವರ ನೋಡುವವನ ಹಾಗೆ. ಮೇಜಿನ ಮೇಲೆ ಚಹಾದ ಎರಡು ಮಗ್ಗುಗಳು.

"ಲೇಟ್ ಆಯ್ತು ನೀನು" ಎಂದ.

"ಐದು ವಾರ" ಎಂದೆ. ನಿಂತೇ ಇದ್ದೆ.

"ಅದೇ. ಐದು ಸಲ ಕೆಟಲ್ ಇಟ್ಟೆ. ಬಾಗಿಲು ತೆರೆದೇ ಇರುತ್ತೆ ಅಂತ ಹೇಳಿರಲಿಲ್ವಾ ನಿಂಗೆ? ಅದನ್ನ ಎಷ್ಟು ಸಲ ಹೇಳಬೇಕು?" ಅವನ ಮುಖ ಕೆಂಪಾಗಿತ್ತು. ಅವತ್ತು ಮೊದಲ ಸಲ ನನ್ನನ್ನು ಬೈದ, ಚೆನ್ನಾಗಿ ಬೈದ. ಬಂದೂಕು ಹಾಳುಮಾಡಿದ್ದಕ್ಕೆ ಅರ್ಧ ನಿಮಿಷ, ಬಾರದೆ ಇದ್ದದ್ದಕ್ಕೆ ಐದು ನಿಮಿಷ. ನನಗೆ ಅಳು ಬಂತು. ನಲವತ್ತು ದಾಟಿದ ಗಂಡಸು, ಅವನ ಟೀ ಟವಲ್‌ನಲ್ಲಿ ಮುಖ ಒರೆಸಿಕೊಂಡೆ. ಆಮೇಲೆ ಅವನು ಎದುರಿನ ಕುರ್ಚಿಯನ್ನು ಕಾಲಿನಿಂದ ತಳ್ಳಿ, "ಕೂತ್ಕೋ. ಆ ಕಡೆಗೆ ನಿನ್ನ ಕೈ ಇಡು. ಬೆವರಿನಿಂದಲೇ ಬರಬೇಕು ಆ ಬಣ್ಣ. ನನಗೆ ಎಂಬತ್ತಾಯ್ತು, ಒಬ್ಬನಿಂದ ಆಗಲ್ಲ" ಎಂದ.

ಹೀಗೆ ನಮ್ಮ ಹೊಸ ಭಾನುವಾರಗಳು ಶುರುವಾದವು. ಮೇಜಿನ ಆಚೆಗೆ ಅವನು, ಈಚೆಗೆ ನಾನು, ನಡುವೆ ಬಂದೂಕು, ಎರಡೂ ಮಗ್ಗುಲಿಗೆ ಒಂದೊಂದು ಅಂಗೈ. ಹೊರಗಿನಿಂದ ನೋಡಿದವರು ಇವರಿಬ್ಬರೂ ಯಾವುದೋ ಪ್ರಮಾಣ ಮಾಡುತ್ತಿದ್ದಾರೆಂದುಕೊಳ್ಳಬೇಕು. ಕೆಲವು ವಾರ ಮಾತೇ ಇರುತ್ತಿರಲಿಲ್ಲ. ಕೆಲವು ವಾರ ಅವನು ಹೆಂಡತಿಯ ವಿಷಯ ಹೇಳುತ್ತಿದ್ದ, ನಾನು ಅಪ್ಪನ ವಿಷಯ. ಊರಿನಲ್ಲಿ ಯಾರಿಗೂ ಹೇಳದ ಮಾತುಗಳನ್ನೆಲ್ಲ ಅರ್ಧಂಬರ್ಧ ಇಂಗ್ಲಿಷಿನಲ್ಲಿ ಆ ಮುದುಕನಿಗೆ ಹೇಳಿದ್ದೇನೆ. ಆರು ತಿಂಗಳಿಗೆ ಹೊಳಪು ಸತ್ತಿತು. ಒಂದು ವರ್ಷಕ್ಕೆ ಅವನ ಕಡೆ ಹಾಲು ಜಾಸ್ತಿಯಾದ ಚಹಾದ ಬಣ್ಣ ಬಂತು. ನನ್ನ ಕಡೆ ಇನ್ನೂ ತಿಳಿಹಳದಿ. "ನಿನ್ನ ಬೆವರಲ್ಲಿ ಸತ್ವವೇ ಇಲ್ಲ, ಬರೀ ಬೇಳೆ ತಿಂತೀಯ" ಎಂದು ರೇಗಿಸುತ್ತಿದ್ದ.

ಎರಡೂವರೆ ವರ್ಷ. ಅಷ್ಟೇ ಸಿಕ್ಕಿದ್ದು. ಒಂದು ಜುಲೈಯಲ್ಲಿ ರಾನ್‌ಗೆ ಎರಡನೆಯ ಸಲ ಬಡಿಯಿತು, ಈ ಸಲ ನನ್ನ ಕೈಯಲ್ಲಿ ಮಾಡುವಂಥದ್ದು ಏನೂ ಇರಲಿಲ್ಲ. ಮಗಳು ನೆಲ್ಸನ್ನಿನಿಂದ ಬಂದು ಎಲ್ಲ ಮುಗಿಸಿದಳು. ಹತ್ತು ಬಂದೂಕುಗಳು ಹತ್ತು ದಿನದಲ್ಲಿ ಬೇರೆ ಬೇರೆ ಸಂಗ್ರಾಹಕರ ಮನೆ ಸೇರಿದವು. ಹಿತ್ತಾಳೆಯದನ್ನು ಮಾತ್ರ ಬಂದವರೆಲ್ಲ ಎತ್ತಿ ನೋಡಿ, "ಯಾರೋ ತಿಕ್ಕಿಬಿಟ್ಟಿದ್ದಾರೆ" ಎಂದು ತಲೆಯಾಡಿಸಿ ಕೆಳಗಿಟ್ಟರಂತೆ. ಯಾರಿಗೂ ಬೇಡವಾಯಿತು. "ಡ್ಯಾಡ್ ಇದನ್ನ ನಿಮಗೇ ಕೊಡು ಅಂತಿದ್ರು" ಎಂದು ಅವಳು ಅದೇ ಕಂಬಳಿಯಲ್ಲಿ ಸುತ್ತಿ ನನ್ನ ಕೈಗಿಟ್ಟಳು. ನಾನು ಮಾಡಿದ ತಪ್ಪಿನಿಂದಲೇ ಅದು ನನ್ನ ಪಾಲಿಗೆ ಉಳಿಯಿತು. ಇದನ್ನು ಅದೃಷ್ಟ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಈಗ ಅದು ನನ್ನ ಊಟದ ಮೇಜಿನ ಮೇಲಿರುತ್ತದೆ. ಭಾನುವಾರ ಎರಡು ಗಂಟೆಗೆ ನನ್ನ ಕಡೆ ಕೂತು ಬಲ ಮಗ್ಗುಲಿಗೆ ಅಂಗೈ ಇಡುತ್ತೇನೆ. ಒಂದು ಗಂಟೆ ಹೊತ್ತು ಕಳೆಯುತ್ತದೆ, ಎದ್ದು ಕೈ ತೊಳೆದುಕೊಳ್ಳುತ್ತೇನೆ.

ಮೊನ್ನೆ ಶಾಂತಕ್ಕ ಯಾವುದೋ ಟ್ರೇನಿಂಗಿಗೆ ವೆಲಿಂಗ್ಟನ್ನಿಗೆ ಬಂದವಳು ಭಾನುವಾರ ನನ್ನ ಮನೆಗೆ ಬಂದಿದ್ದಳು. ಚಹಾ ಹಿಡಿದುಕೊಂಡು ಮೇಜಿನ ಆಚೆಯ ಕುರ್ಚಿಯಲ್ಲಿ ಕೂತು, ನಾನು ಮಾಡುವುದನ್ನು ಸುಮ್ಮನೆ ನೋಡಿದಳು. ಆಮೇಲೆ ಕೇಳಿದಳು, "ಈ ಕಡೆ ಎಷ್ಟ್ ಛಂದ ಬಣ್ಣ ಬಂದದ ನೋಡು. ಎರಡೂ ಕಡೆ ಒಂದೊಂದು ಕೈ ಹಚ್ಚಬಾರದೇನು? ಇಲ್ಲಾ ನಾನರ ಇತ್ತಾಗ ಕೈ ಇಡ್ತೀನಿ ತಡಿ. ಲಗೂ ಆಗ್ತದ."

"ಬೇಡ ಶಾಂತಕ್ಕ" ಎಂದೆ. ನನ್ನ ಧ್ವನಿ ನನಗೇ ಜೋರಾಗಿ ಕೇಳಿಸಿತು. "ಆ ಕಡೆ ಮುಟ್ಟಬೇಡ. ಅದು ರಾನ್ ಕೈ."

ಅವಳು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಎದ್ದು, ತನ್ನ ಚಹಾದ ಕಪ್ಪನ್ನು ಎತ್ತಿಕೊಂಡು, ಆ ಕುರ್ಚಿಯನ್ನು ಬಿಟ್ಟು ಮೇಜು ಸುತ್ತಿ ಬಂದು ನನ್ನ ಪಕ್ಕದಲ್ಲಿ ಕೂತಳು.